ಇತಿಹಾಸದಿಂದ ಶುರು ಮಾಡಲಾ, ಪ್ರೀತಿಯಿಂದ ಶುರು ಮಾಡಲಾ?

ಐತಿಹಾಸಿಕ ಪ್ರೇಮ ಕಾದಂಬರಿ ಬರೆದವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪುಸ್ತಕ ಮುಗಿದಿದೆ, ಬಿಡುಗಡೆಗೆ ತಯಾರಾಗಿದೆ. ಈಗ ಬೆನ್ನುಡಿ ಬರೆಯಬೇಕು, ಓದುಗರ ಮುಂದೆ ನಿಂತು ನಾಲ್ಕು ಮಾತು ಆಡಬೇಕು. ಆಗ ಶುರುವಾಗುತ್ತದೆ ತಲೆಬಿಸಿ: ಇತಿಹಾಸದಿಂದ ಶುರು ಮಾಡಲಾ, ಪ್ರೀತಿಯಿಂದ ಶುರು ಮಾಡಲಾ? ಇತಿಹಾಸ ಜಾಸ್ತಿ ಹೇಳಿದರೆ ಜನ ಆಕಳಿಸುತ್ತಾರೆ ಅನ್ನೋ ಭಯ. ಪ್ರೀತಿ ಜಾಸ್ತಿ ಹೇಳಿದರೆ ಗಂಭೀರ ಓದುಗರು ಮೂಗು ಮುರಿಯುತ್ತಾರೆ ಅನ್ನೋ ಭಯ.

ನನ್ನ ಉತ್ತರ ಇಷ್ಟೇ. ನಿಮ್ಮ ಕತೆಯ ಪ್ರೇಮಿಗಳಿಬ್ಬರಿಗೂ ಅಡ್ಡ ಬಂದದ್ದು ಏನು, ಅಲ್ಲಿಂದ ಶುರು ಮಾಡಿ. ಆ ಅಡ್ಡಿ ಆ ಕಾಲಕ್ಕೆ ಸೇರಿದ್ದಾದರೆ ಇತಿಹಾಸ, ಪ್ರೀತಿ ಎರಡೂ ಒಂದೇ ಮಾತಿನಲ್ಲಿ ಬಂದುಬಿಡುತ್ತವೆ. ಬೇರೆ ಬೇರೆ ಹೇಳುವ ಗೋಜೇ ಇರುವುದಿಲ್ಲ.

ಉದಾಹರಣೆ ಕೊಡದೆ ಹೀಗೆಲ್ಲ ಹೇಳುವುದು ಸುಲಭ. ಆದ್ದರಿಂದ ಒಂದು ಕತೆ ಇಟ್ಟುಕೊಳ್ಳೋಣ. ಇಂಗ್ಲೆಂಡ್, 1816. ನೆಪೋಲಿಯನ್ ವಾಟರ್ಲೂನಲ್ಲಿ ಸೋತು ವರ್ಷವಾಗಿದೆ. ಹುಡುಗ ಸೈನ್ಯದಲ್ಲಿದ್ದವನು, ಈಗ ದೂರದ ಊರಿನಲ್ಲಿದ್ದಾನೆ. ಹುಡುಗಿ ಅಪ್ಪನ ಮನೆಯಲ್ಲಿದ್ದಾಳೆ. ಇಂಥ ಕತೆಗೆ ಬರುವ ಬೆನ್ನುಡಿ ಸಾಮಾನ್ಯವಾಗಿ ಹೀಗಿರುತ್ತದೆ: "ಯುದ್ಧದ ಬಿರುಗಾಳಿಗೆ ಸಿಲುಕಿ ನಲುಗಿದ ಯೂರೋಪ್. ಬದಲಾಗುತ್ತಿರುವ ಜಗತ್ತು. ಅದರ ನಡುವೆ ಒಂದಾಗಲು ಹಂಬಲಿಸುವ ಎರಡು ಹೃದಯಗಳು." ಇದರಲ್ಲಿ ತಪ್ಪು ಅನ್ನುವಂಥದ್ದು ಏನೂ ಇಲ್ಲ. ಆದರೆ ಯೂರೋಪ್ ತೆಗೆದು ಇನ್ನೊಂದು ದೇಶ ಹಾಕಿ, ಆ ಯುದ್ಧ ತೆಗೆದು ಇನ್ನೊಂದು ಯುದ್ಧ ಹಾಕಿ. ಒಂದಕ್ಷರವೂ ಕದಲುವುದಿಲ್ಲ. ಸಾವಿರ ಪುಸ್ತಕಕ್ಕೆ ಹೊಂದುವ ಮಾತು ನಿಮ್ಮ ಪುಸ್ತಕವನ್ನು ಪರಿಚಯಿಸಿದಂತಾಗಲಿಲ್ಲ, ಅಲ್ವಾ?

ಈಗ ಆ ಕಾಲದ ಒಂದು ಸಣ್ಣ ಸಂಗತಿ ನೋಡಿ. 1840ರಲ್ಲಿ ಎಲ್ಲ ಕಡೆಗೂ ಒಂದೇ ದರದ ಪೆನ್ನಿ ಅಂಚೆ ಬರುವವರೆಗೆ ಬ್ರಿಟನ್ನಿನಲ್ಲಿ ಅಂಚೆ ವೆಚ್ಚ ಬೀಳುತ್ತಿದ್ದದ್ದು ಸಾಮಾನ್ಯವಾಗಿ ಕಾಗದ ತಗೊಂಡವರ ಮೇಲೆ. ಎಷ್ಟು ದೂರದಿಂದ ಬಂತು, ಎಷ್ಟು ಹಾಳೆ ಇದೆ ಅಂತ ನೋಡಿ ಲೆಕ್ಕ ಹಾಕುತ್ತಿದ್ದರು. ಲಕೋಟೆಗೆ ಹಾಕಿದರೆ ಅದೂ ಒಂದು ಹಾಳೆಯ ಲೆಕ್ಕಕ್ಕೆ ಹೋಗುತ್ತಿತ್ತು. ಅದಕ್ಕೇ ಬರೆದ ಹಾಳೆಯನ್ನೇ ಮಡಚಿ ಅರಗು ಹಾಕಿ ಕಳಿಸುತ್ತಿದ್ದರು. ಇನ್ನೂ ಹೇಳುವುದು ಉಳಿದಿದ್ದರೆ ಹಾಳೆಯನ್ನು ಅಡ್ಡ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ಓದುವವರ ಕಣ್ಣು ಹಾಳಾಗಬೇಕು!

ಇದನ್ನು ಇಟ್ಟುಕೊಂಡು ಅದೇ ಕತೆಯನ್ನು ಪರಿಚಯಿಸಿ: "ಅವನು ಬರೆದ ಪ್ರತಿ ಕಾಗದಕ್ಕೂ ದುಡ್ಡು ಕೊಡುತ್ತಿದ್ದವರು ಅವಳ ಅಪ್ಪ. ಒಂದು ಬೆಳಿಗ್ಗೆ ಅವರು ಕೊಡಲ್ಲ ಎಂದರು. ಕಾಗದ ವಾಪಸ್ ಹೋಯಿತು. ಅದರಲ್ಲಿ ಏನಿತ್ತು ಎನ್ನುವುದು ಅವಳಿಗೆ ಗೊತ್ತಿಲ್ಲ." ಇಲ್ಲಿ ಇತಿಹಾಸ ಇದೆ, ಆದರೆ ಯಾರೂ ಪಾಠ ಮಾಡಿಲ್ಲ. ಪ್ರೀತಿ ಇದೆ, ಹೃದಯ ಎನ್ನುವ ಮಾತೇ ಬಂದಿಲ್ಲ. ಈ ಮೂರು ನಾಲ್ಕು ಸಾಲನ್ನು ಕಿತ್ತು ಇನ್ನೊಂದು ಪುಸ್ತಕಕ್ಕೆ ಅಂಟಿಸಲು ಆಗುವುದೂ ಇಲ್ಲ. ವಾಟರ್ಲೂ ಕದನದ ದಿನಾಂಕ ಬೇಕಾದವರಿಗೆ ಒಳಗೆ ಸಿಗುತ್ತದೆ ಬಿಡಿ.

ಅಡ್ಡಿ ಆ ಕಾಲದ್ದೇ ಹೌದಾ ಅಂತ ನೋಡಲು ನಾನು ಮಾಡುವ ಪರೀಕ್ಷೆ ಸರಳ. ವರ್ಷ ಬದಲಿಸಿ ನೋಡುತ್ತೇನೆ. ಲಂಡನ್ನಿನ ಒಂದು ಜೋಡಿ, ಹುಡುಗಿಗೆ ಇನ್ನೂ ಇಪ್ಪತ್ತೊಂದು ತುಂಬಿಲ್ಲ, ಅಪ್ಪ ಒಪ್ಪುತ್ತಿಲ್ಲ ಅಂತಿಟ್ಟುಕೊಳ್ಳಿ. ಕತೆ 1750ರಲ್ಲಿ ನಡೆದರೆ ಅವರು ದೂರ ಹೋಗಬೇಕಾಗಿಯೇ ಇಲ್ಲ. ಫ್ಲೀಟ್ ಜೈಲಿನ ಆಸುಪಾಸಿನಲ್ಲಿ ದುಡ್ಡು ತಗೊಂಡು ಗುಟ್ಟಾಗಿ ಮದುವೆ ಮಾಡಿಸುವ ಪಾದ್ರಿಗಳಿದ್ದರು. ಆ ಮದುವೆ ಕಾನೂನಿನಲ್ಲಿ ನಿಲ್ಲುತ್ತಿತ್ತು. ಅದೇ ಕತೆಯನ್ನು 1760ಕ್ಕೆ ತನ್ನಿ. 1753ರಲ್ಲಿ ಆದ ಹಾರ್ಡ್‌ವಿಕ್ ಮದುವೆ ಕಾಯ್ದೆ 1754ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಇಪ್ಪತ್ತೊಂದು ತುಂಬದವರು ಲೈಸೆನ್ಸ್ ಪಡೆದು ಮದುವೆಯಾಗಲು ಅಪ್ಪನ ಒಪ್ಪಿಗೆ ಬೇಕು. ಚರ್ಚಿನಲ್ಲಿ ಮೂರು ಭಾನುವಾರ ಎಲ್ಲರೆದುರು ಸಾರಿ ಆಮೇಲೆ ಆಗೋಣ ಎಂದರೆ, ಅಲ್ಲಿ ಅಪ್ಪ ಎದ್ದು ನಿಂತು ಆಗಲ್ಲ ಅನ್ನಬಹುದು. ಉಳಿದ ದಾರಿ ಒಂದೇ: ಗಾಡಿ ಹತ್ತಿ ಉತ್ತರಕ್ಕೆ ಓಡುವುದು. ಸ್ಕಾಟ್ಲೆಂಡಿಗೆ ಈ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ಇಬ್ಬರು ಸಾಕ್ಷಿಗಳ ಮುಂದೆ "ನಾವು ಗಂಡ ಹೆಂಡತಿ" ಎಂದರೆ ಸಾಕು. ಗಡಿ ದಾಟಿದ ಕೂಡಲೇ ಸಿಗುವ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಗೆ ಹೆಸರು ಬಂದದ್ದೇ ಹಾಗೆ. ಅಲ್ಲಿನ ಕಮ್ಮಾರಸಾಲೆಯಲ್ಲೂ ಮದುವೆಗಳು ನಡೆದವು. ಇನ್ನೊಂದು ನೂರು ವರ್ಷ ಮುಂದೆ ಬನ್ನಿ, ಆ ದಾರಿಗೂ ಅಡ್ಡಗೋಡೆ. 1856ರ ಕಾಯ್ದೆ ಬಂದ ಮೇಲೆ ಜೋಡಿಯಲ್ಲಿ ಒಬ್ಬರಾದರೂ ಇಪ್ಪತ್ತೊಂದು ದಿನ ಸ್ಕಾಟ್ಲೆಂಡಿನಲ್ಲಿ ಇದ್ದಿರಬೇಕಿತ್ತು. ಇಪ್ಪತ್ತೊಂದು ದಿನದಲ್ಲಿ ಯಾವ ಅಪ್ಪ ಹುಡುಕಿಕೊಂಡು ಬರುವುದಿಲ್ಲ?

ಅದೇ ಹುಡುಗ, ಅದೇ ಹುಡುಗಿ, ಅದೇ ಅಪ್ಪ. ಆದರೆ ಮೂರು ಕಾಲಕ್ಕೆ ಮೂರು ಕತೆ. ನಿಮ್ಮ ಕಾದಂಬರಿಯಲ್ಲಿ ವರ್ಷ ಬದಲಿಸಿದರೂ ಏನೂ ಬದಲಾಗಲಿಲ್ಲ ಅಂದರೆ ತೊಂದರೆ ಪರಿಚಯದಲ್ಲಿಲ್ಲ, ಕಾದಂಬರಿಯಲ್ಲೇ ಇದೆ. ಬದಲಾಯಿತು ಅಂದರೆ, ಎಲ್ಲಿ ಬದಲಾಯಿತೋ ಅದೇ ನಿಮ್ಮ ಪರಿಚಯದ ಮೊದಲ ಸಾಲು. ಫ್ರಾನ್ಸಿನಲ್ಲಿ 1792ರಲ್ಲಿ ವಿಚ್ಛೇದನಕ್ಕೆ ಅವಕಾಶ ಬಂತು, 1816ರಲ್ಲಿ ಹೋಯಿತು, ಮತ್ತೆ ಬಂದದ್ದು 1884ರಲ್ಲಿ. ಬೇಡದ ಮದುವೆಯಲ್ಲಿ ಸಿಕ್ಕಿಕೊಂಡ ಹೆಣ್ಣಿನ ಕತೆ ಬರೆಯುವವರಿಗೆ ಆ ಮೂರು ಇಸವಿಗಳಿಗಿಂತ ಇನ್ನೇನು ಬೇಕು!

ನಿಜವಾಗಿ ಬಾಳಿದ್ದ ಜೋಡಿಯ ಬಗ್ಗೆ ಬರೆದಾಗ ಇನ್ನೊಂದು ಪೇಚು. ಕೊನೆ ಎಲ್ಲರಿಗೂ ಗೊತ್ತು. ಶಹಜಹಾನ್ ಮತ್ತು ಮುಮ್ತಾಜ್ ಬಗ್ಗೆ ಪುಸ್ತಕ ಬರೆದವರು ತಾಜ್‌ಮಹಲಿನಿಂದ ಮಾತು ಶುರು ಮಾಡಿದರೆ ಅಲ್ಲಿಗೇ ಮುಗಿಯಿತು, ಕೇಳುವವರ ಕಣ್ಣಿಗೆ ಕ್ಯಾಲೆಂಡರ್ ಚಿತ್ರ ಬಂದುಬಿಡುತ್ತದೆ. ಆದರೆ ಅವರಿಬ್ಬರ ನಿಶ್ಚಿತಾರ್ಥ ಆದದ್ದು 1607ರಲ್ಲಿ, ಮದುವೆ ಆದದ್ದು 1612ರಲ್ಲಿ. ನಡುವೆ 1610ರಲ್ಲಿ ರಾಜಕುಮಾರ ಖುರ್ರಮ್‌ಗೆ, ಅಂದರೆ ಮುಂದೆ ಶಹಜಹಾನ್ ಆದವನಿಗೆ, ಬೇರೆ ಹೆಣ್ಣಿನೊಂದಿಗೆ ಮದುವೆಯಾಯಿತು. 1611ರಲ್ಲಿ ಅವನ ಅಪ್ಪ ಜಹಾಂಗೀರ್ ಮದುವೆಯಾದದ್ದು ಹುಡುಗಿಯ ಸೋದರತ್ತೆಯನ್ನು, ಅಂದರೆ ಮುಂದೆ ನೂರ್‌ಜಹಾನ್ ಆದವಳನ್ನು. ಈಗ ಹೇಳಿ: ಮಾತು ಕೊಟ್ಟವನು ಬೇರೆಯವಳ ಕೈ ಹಿಡಿದ ಸುದ್ದಿ ಬಂದ ದಿನ ಮುಂದೆ ಮುಮ್ತಾಜ್ ಆದ ಅರ್ಜುಮಂದ್ ಬಾನು ಎಂಬ ಹುಡುಗಿ ಏನು ಮಾಡಿದಳು? ಇತಿಹಾಸಕಾರರು ಬಿಟ್ಟ ಆ ಜಾಗದಲ್ಲಿ ಕಾದಂಬರಿಕಾರರಿಗೆ ಕೆಲಸವಿದೆ. ಪರಿಚಯದಲ್ಲಿ ಅಲ್ಲಿಗೇ ಕೈಹಿಡಿದು ಕರೆದುಕೊಂಡು ಹೋಗಿ. ಅಮೃತಶಿಲೆಯ ಮಾತು ಆಮೇಲೆ.

ಈ ಪ್ರಶ್ನೆ ಹೊಸದೇನಲ್ಲ. ಸ್ಕಾಟ್ಲೆಂಡಿನ ಲೇಖಕ ವಾಲ್ಟರ್ ಸ್ಕಾಟ್ 1814ರಲ್ಲಿ ತನ್ನ ಮೊದಲ ಕಾದಂಬರಿ 'ವೇವರ್ಲಿ'ಯನ್ನು ಹೆಸರು ಹಾಕದೆ ಪ್ರಕಟಿಸಿದ. ಅದರ ಮೊದಲ ಅಧ್ಯಾಯದಲ್ಲಿ ಕತೆಯೇ ಇಲ್ಲ. ಶೀರ್ಷಿಕೆಯ ಕೆಳಗೆ ಏನು ಬರೆಯಬೇಕು ಎನ್ನುವ ಲೆಕ್ಕಾಚಾರವೇ ಎಲ್ಲ! ಹಿಂದಿನ ಕಾಲದ ಕತೆ ಎಂದರೆ ಓದುಗ ಕೋಟೆ, ಗೂಬೆ ನಿರೀಕ್ಷಿಸುತ್ತಾನೆ. ಭಾವುಕ ಕತೆ ಎಂದರೆ ವೀಣೆಯಂಥದ್ದೇನೋ ಹಿಡಿದ ನಾಯಕಿಯನ್ನು ಕಾಯುತ್ತಾನೆ. ಈ ಕಾಲದ ಕತೆ ಎಂದರೆ ಪಟ್ಟಣದ ಬೆಡಗು ಬೇಕು ಎನ್ನುತ್ತಾನೆ. ಒಂದೊಂದನ್ನೂ ಹೀಗೆ ತಮಾಷೆ ಮಾಡಿ ಬದಿಗಿಟ್ಟು, ಕೊನೆಗೆ ಸ್ಕಾಟ್ ಆರಿಸಿಕೊಂಡದ್ದು ಇದು ನಡೆದು ಅರವತ್ತು ವರ್ಷವಾಯಿತು ಎನ್ನುವ ಅರ್ಥದ ಸಾಲು. ಅಂದರೆ ಬ್ರಿಟನ್ನಿನ ರಾಜನ ವಿರುದ್ಧ ಸ್ಕಾಟ್ಲೆಂಡಿನಲ್ಲಿ ಎದ್ದ 1745ರ ಬಂಡಾಯದ ಕಾಲ. ಬಹಳ ಹಳೆಯದೂ ಅಲ್ಲ, ಹೊಸದೂ ಅಲ್ಲ, ಅಜ್ಜಂದಿರ ಕಾಲ. ಇಂದಿಗೂ ಐತಿಹಾಸಿಕ ಕಾದಂಬರಿಯ ಲೇಖಕರು, ಓದುಗರ ಸಂಘವಾದ ಹಿಸ್ಟಾರಿಕಲ್ ನಾವೆಲ್ ಸೊಸೈಟಿ ಐತಿಹಾಸಿಕ ಎನ್ನಲು ಇಟ್ಟುಕೊಂಡಿರುವ ಅಂತರ ಸುಮಾರಾಗಿ 50 ವರ್ಷ. ಆ ಲೆಕ್ಕದಲ್ಲಿ ಬೇರೆ ಬೇರೆ ಜನಾಂಗದವರ ಮದುವೆಗೆ ಅಮೆರಿಕದ ರಾಜ್ಯಗಳಲ್ಲಿ ಉಳಿದಿದ್ದ ನಿಷೇಧವನ್ನು ಅಲ್ಲಿನ ಸುಪ್ರೀಂ ಕೋರ್ಟ್ ತೆಗೆದುಹಾಕಿದ 1967 ಕೂಡ ಈಗ ಐತಿಹಾಸಿಕ ಪ್ರೇಮಕತೆಗೆ ಅರ್ಹ ವರ್ಷ. ನಾಯಕಿಗೆ ಉದ್ದ ಗೌನು, ನಾಯಕನಿಗೆ ಖಡ್ಗ ಇರಲೇಬೇಕು ಅಂತೇನಿಲ್ಲ.

ಇನ್ನು ಪರಿಚಯಗಳಲ್ಲಿ ನನಗೆ ಸಹಿಸಲಾಗದ ಒಂದು ಮಾತಿದೆ: "ತನ್ನ ಕಾಲಕ್ಕಿಂತ ಮುಂದಿದ್ದ ದಿಟ್ಟ ಹೆಣ್ಣು". ಹತ್ತು ಬೆನ್ನುಡಿ ತೆಗೆದರೆ ಅರ್ಧದಷ್ಟರಲ್ಲಿ ಇವಳೇ ಇರುತ್ತಾಳೆ. ಹಾಗೆ ಹೇಳಿದಾಗ ಓದುಗರಿಗೆ ಕೇಳಿಸುವುದು ಏನು ಗೊತ್ತಾ? ಇವತ್ತಿನ ಹುಡುಗಿಗೆ ಹಳೆಯ ಬಟ್ಟೆ ತೊಡಿಸಿದ್ದೇವೆ ಅಂತ. ದಿಟ್ಟ ಹೆಣ್ಣುಗಳು ಎಲ್ಲ ಕಾಲದಲ್ಲೂ ಇದ್ದರು. ಆದರೆ ಅವರು ತಮ್ಮ ಕಾಲದ ಒಳಗೇ ಇದ್ದುಕೊಂಡು ದಿಟ್ಟರಾಗಿದ್ದರು. ದೇವರಿಗೆ ಹೆದರುತ್ತಿದ್ದರು, ಮನೆತನದ ಮಾನ ದೊಡ್ಡದು ಅಂತ ನಂಬಿದ್ದರು, ಇವತ್ತು ನಮಗೆ ಕೇಳಲೂ ಕಷ್ಟವಾಗುವ ಅಭಿಪ್ರಾಯಗಳೂ ಅವರಿಗಿದ್ದವು. ಅಪ್ಪನ ಮಾತು ಮೀರುವುದು ಪಾಪ ಅಂತ ಮನಸಾರೆ ನಂಬಿದವಳು ಅಪ್ಪನ ಮಾತು ಮೀರಿದರೆ ಅದರಲ್ಲಿ ಕತೆ ಇದೆ. ಏನನ್ನೂ ನಂಬದವಳು ಮೀರಿದರೆ ಏನಿದೆ? ಆದ್ದರಿಂದ ನಿಮ್ಮ ನಾಯಕಿ ನಮ್ಮ ಹಾಗೆ ಹೇಗಿದ್ದಾಳೆ ಎನ್ನುವುದನ್ನು ಬಿಟ್ಟು, ಅವಳು ನಂಬುವ, ನಾವು ನಂಬದ ಒಂದು ಸಂಗತಿ ಹೇಳಿ. ಓದುಗರು ಪುಸ್ತಕದ ಕಡೆ ಬಗ್ಗುತ್ತಾರೆ.

"ಇದರಲ್ಲಿ ಎಷ್ಟು ನಿಜ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸುತ್ತಿ ಬಳಸಿ ಹೇಳಬೇಡಿ. ರಾಜ ಇದ್ದದ್ದು ನಿಜ, ಮುತ್ತಿಗೆ ನಡೆದದ್ದು ನಿಜ, ಆ ಹುಡುಗಿ ನನ್ನ ಕಲ್ಪನೆ, ಅಷ್ಟು ಸಾಕು. ಎಲ್ಲಿ ಇಸವಿ ಹಿಂದೆ ಮುಂದೆ ಮಾಡಿದ್ದೀರಿ, ಯಾವ ಇಬ್ಬರನ್ನು ಸೇರಿಸಿ ಒಬ್ಬನನ್ನು ಮಾಡಿದ್ದೀರಿ ಎಂಬುದನ್ನು ಪುಸ್ತಕದ ಕೊನೆಯ ಲೇಖಕರ ಮಾತಿನಲ್ಲಿ ಬರೆದಿಡಿ. ಮೊದಲಲ್ಲಿ ಹಾಕಿದರೆ ಕತೆಯ ಗುಟ್ಟು ಅಲ್ಲೇ ಬಯಲಾಗುತ್ತದೆ. ಎಷ್ಟು ವರ್ಷ ಸಂಶೋಧನೆ ಮಾಡಿದಿರಿ, ಎಷ್ಟು ದಾಖಲೆ ತಿರುವಿ ಹಾಕಿದಿರಿ ಎನ್ನುವ ಪಟ್ಟಿ ಯಾರಿಗೂ ಬೇಡ. ಆ ದಾಖಲೆಗಳಲ್ಲಿ ನಿಮಗೆ ಸಿಕ್ಕ ಒಂದೇ ಒಂದು ವಿಚಿತ್ರ ಸಂಗತಿ ಹೇಳಿ, ಶ್ರಮ ತಾನಾಗಿ ಕಾಣುತ್ತದೆ.

ಸಣ್ಣಪುಟ್ಟ ವಿಷಯಗಳನ್ನು ಬೇಗ ಹೇಳಿಬಿಡುತ್ತೇನೆ. ಎರಡಕ್ಕಿಂತ ಹೆಚ್ಚು ಹೆಸರು ಬೇಡ, ವಂಶವೃಕ್ಷವಂತೂ ಬೇಡವೇ ಬೇಡ. ಸರಣಿಯ ಎರಡನೇ ಪುಸ್ತಕವಾಗಿದ್ದರೆ, ಮೊದಲನೆಯದನ್ನು ಓದದೆ ಇದನ್ನು ಓದಬಹುದಾ ಎಂದು ಹೇಳಿ. ಶೃಂಗಾರ ಎಷ್ಟು ಬಿಚ್ಚುಮಾತಿನಲ್ಲಿದೆ ಎನ್ನುವುದನ್ನು ನಾಚಿಕೆ ಬಿಟ್ಟು ಹೇಳಿ. ಅದು ಬೇಕು ಅನ್ನುವ ಓದುಗರೂ ಇದ್ದಾರೆ, ಬೇಡ ಅನ್ನುವವರೂ ಇದ್ದಾರೆ, ಇಬ್ಬರ ಸಮಯವೂ ಉಳಿಯುತ್ತದೆ. ಒಂದು ತುಣುಕು ಓದುವುದಾದರೆ ಪೀಠಿಕೆಯನ್ನು ಓದಬೇಡಿ, ಸೂರ್ಯೋದಯದ ವರ್ಣನೆಯನ್ನೂ ಓದಬೇಡಿ. ಅವರಿಬ್ಬರೂ ಮೊದಲ ಸಲ ಜಗಳವಾಡುವ ಪುಟ ಓದಿ.

ಜಗಳದ ಮಧ್ಯದಲ್ಲಿ ನಿಲ್ಲಿಸಿದರೆ ಯಾರೋ ಒಬ್ಬರು ಕೇಳುತ್ತಾರೆ: "ಕೊನೆಗೆ ಒಂದಾಗ್ತಾರಾ?" ಇಲ್ಲಿ ಬಹಳ ಲೇಖಕರು ನಗುತ್ತಾ "ಪುಸ್ತಕ ಓದಿ" ಎಂದು ಜಾರಿಕೊಳ್ಳುತ್ತಾರೆ. ನಾನು ಹಾಗೆ ಮಾಡಲ್ಲ. ಇತಿಹಾಸದ ನಡುವೆ ಒಂದು ಪ್ರೀತಿಯ ಎಳೆ ಇರುವ ಕಾದಂಬರಿ ಒಂದು ಜಾತಿ, ಐತಿಹಾಸಿಕ ಪ್ರೇಮ ಕಾದಂಬರಿ ಇನ್ನೊಂದು ಜಾತಿ. ಎರಡನೆಯದರ ಓದುಗರಿಗೆ ಒಂದು ಭರವಸೆ ಇರುತ್ತದೆ. ಅಮೆರಿಕದ ಪ್ರೇಮ ಕಾದಂಬರಿಕಾರರ ಸಂಘ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕಾ ಇಟ್ಟಿರುವ ಷರತ್ತು ಎರಡೇ: ಕತೆಯ ನಡುಮಧ್ಯೆ ಪ್ರೀತಿ ಇರಬೇಕು, ಕೊನೆ ಮನಸ್ಸಿಗೆ ತೃಪ್ತಿಯಾಗುವಂತೆ, ಆಸೆ ಉಳಿಯುವಂತೆ ಇರಬೇಕು. ಆ ಷರತ್ತು ನಂಬಿ ಪುಸ್ತಕ ಕೊಂಡವರಿಗೆ ಕೊನೆಯ ಪುಟದಲ್ಲಿ ನಾಯಕನ ಹೆಣ ತೋರಿಸಿದರೆ ಅವರು ನಿಮ್ಮ ಮುಂದಿನ ಪುಸ್ತಕ ಮುಟ್ಟುವುದಿಲ್ಲ. ಹಾಗಾಗಿ ನಿಮ್ಮದು ಪ್ರೇಮ ಕಾದಂಬರಿಯೇ ಆಗಿದ್ದರೆ ಧೈರ್ಯವಾಗಿ ಹೌದು, ಒಂದಾಗುತ್ತಾರೆ ಎನ್ನಿ. ಹೇಗೆ ಎನ್ನುವುದಕ್ಕಾಗಿಯೇ ಅವರು ಓದುವುದು. ಅಲ್ಲದಿದ್ದರೆ, ಇದು ಪ್ರೇಮ ಕಾದಂಬರಿ ಅಲ್ಲ, ಐತಿಹಾಸಿಕ ಕಾದಂಬರಿ, ಅಷ್ಟು ಮಾತ್ರ ಹೇಳಬಲ್ಲೆ ಎನ್ನಿ. ಪ್ರಶ್ನೆ ಕೇಳಿದವರಿಗೆ ಅರ್ಥವಾಗುತ್ತದೆ.