ಊಟದ ಪ್ಲಾನ್ ನನ್ನ ಕಂಪ್ಯೂಟರಿನಲ್ಲಿತ್ತು

ಬೆಳಿಗ್ಗೆ ಎಂಟು ದಾಟಿತ್ತು. ನಮ್ಮ ಹುಡುಗ ಫೋನ್ ಮಾಡಿದ. "ಅಕ್ಕಾ, ಟೋಸ್ಟ್ ಕೊಟ್ಟೆ, ಗಂಟಲಲ್ಲಿ ಸಿಕ್ಕಿಕೊಂಡುಬಿಡ್ತು. ಬೆನ್ನಿಗೆ ಹೊಡೆದೆ, ಹೊರಗೆ ಬಂತು. ಈಗ ಉಸಿರಾಡ್ತಿದ್ದಾರೆ. ಆದ್ರೆ ನನ್ನ ಕೈ ಇನ್ನೂ ನಡುಗ್ತಿದೆ."

ಅವನು ಹಾಸನದ ಕಡೆಯವನು. ಮೆಲ್ಬರ್ನಿನಲ್ಲಿ ಓದುತ್ತಾ, ಅಂಗವೈಕಲ್ಯ ಇರುವವರ ಮನೆಗೆ ಹೋಗಿ ನೆರವಾಗುವ ನನ್ನ ಸಂಸ್ಥೆಯಲ್ಲಿ ಸಪೋರ್ಟ್ ವರ್ಕರ್ ಆಗಿದ್ದ. ಆ ಮನೆಗೆ ಅವತ್ತೇ ಮೊದಲ ಸಲ ಹೋಗಿದ್ದ. ದಿನಾ ಹೋಗುವವರಿಗೆ ಜ್ವರ ಬಂದಿದ್ದರಿಂದ ಹಿಂದಿನ ರಾತ್ರಿ ನಾನೇ ರೋಸ್ಟರ್ ಬದಲಿಸಿದ್ದೆ. ಆ ಮನೆಯ ಯುವಕನಿಗೆ ಸೆರೆಬ್ರಲ್ ಪಾಲ್ಸಿ, ನುಂಗುವುದು ಕಷ್ಟ. ಬ್ರೆಡ್ ಬೇಡ, ಎಲ್ಲವನ್ನೂ ಸಣ್ಣಗೆ ಹಿಸುಕಿ, ಒಣಗದಂತೆ ಕೊಡಿ ಅಂತ ಸ್ಪೀಚ್ ಪೆಥಾಲಜಿಸ್ಟ್ (ಮಾತು, ನುಂಗುವಿಕೆಯ ತಜ್ಞರು) ಬರೆದುಕೊಟ್ಟಿದ್ದರು. ಆ ಊಟದ ಪ್ಲಾನ್ ನನ್ನ ಕಂಪ್ಯೂಟರಿನಲ್ಲಿತ್ತು. ಆ ಯುವಕನ ಹೆಸರಿನ ಫೋಲ್ಡರಿನಲ್ಲಿ, ಅಚ್ಚುಕಟ್ಟಾಗಿ. ಅಡುಗೆಮನೆಯಲ್ಲಿ ಇರಲಿಲ್ಲ. ಹುಡುಗನ ಕೈಗೂ ಸೇರಿರಲಿಲ್ಲ.

ಹುಡುಗನಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಆಗಿತ್ತು. ಅದೊಂದೇ ಅವತ್ತು ಆ ಯುವಕನನ್ನು ಉಳಿಸಿದ್ದು. ನಾನು ಕಾರು ಹತ್ತಿ ಹೋದೆ. ಅವರ ತಾಯಿಗೆ ಫೋನ್ ಮಾಡಿ, ಇದ್ದದ್ದನ್ನು ಇದ್ದಂತೆ ಹೇಳಿದೆ. ಆಹಾರದ ಚೂರು ಶ್ವಾಸಕೋಶಕ್ಕೆ ಹೋದರೆ ಎರಡು ದಿನ ಬಿಟ್ಟು ನ್ಯುಮೋನಿಯಾ ಬರಬಹುದು, ಹಾಗಾಗಿ ಅವತ್ತೇ ಡಾಕ್ಟರಿಗೆ ತೋರಿಸಿದೆವು.

ಸಂಜೆ ಮನೆಗೆ ಬಂದು ಕೂತಾಗ ನನ್ನೊಳಗೆ ಒಂದು ಮಾತು ಬಂತು. 'ಏನೂ ಆಗಲಿಲ್ಲವಲ್ಲ, ಇದನ್ನು ವರದಿ ಮಾಡಲೇಬೇಕಾ?' ಈ ಕೆಲಸ ಶುರು ಮಾಡುವ ಪ್ರತಿಯೊಬ್ಬರಿಗೂ ಒಂದಲ್ಲ ಒಂದು ದಿನ ಆ ಮಾತು ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿನ ವ್ಯವಸ್ಥೆ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಎನ್‌ಡಿಐಎಸ್ (ನ್ಯಾಷನಲ್ ಡಿಸೆಬಿಲಿಟಿ ಇನ್ಶೂರೆನ್ಸ್ ಸ್ಕೀಮ್) ಅನ್ನುವುದು ಆಸ್ಟ್ರೇಲಿಯಾ ಸರ್ಕಾರದ ಯೋಜನೆ. 2013ರ ಕಾಯ್ದೆಯಿಂದ ಬಂದದ್ದು. ಅಂಗವೈಕಲ್ಯ ಇರುವವರ ಹೆಸರಿನಲ್ಲೇ ಹಣ ಇಡುತ್ತಾರೆ, ಯಾರಿಂದ ಸೇವೆ ಪಡೆಯಬೇಕು ಅಂತ ಅವರೇ ಆರಿಸುತ್ತಾರೆ. ಅವರನ್ನು ಪಾರ್ಟಿಸಿಪೆಂಟ್ ಅನ್ನುತ್ತಾರೆ. ಸೇವೆ ಕೊಡುವ ನಮ್ಮಂಥವರ ಮೇಲೆ ಕಣ್ಣಿಡಲು ಬೇರೆಯೇ ಒಂದು ಕಮಿಷನ್, ಅಂದರೆ ಆಯೋಗ, ಇದೆ. ನಾವಿರುವ ವಿಕ್ಟೋರಿಯಾದಲ್ಲಿ ಅದರ ಕೆಲಸ ಶುರುವಾದದ್ದು 2019ರ ಜುಲೈ 1ರಂದು. ಸಾವು, ಗಂಭೀರ ಗಾಯ, ಹಿಂಸೆ, ನಿರ್ಲಕ್ಷ್ಯ ಇಂಥದ್ದು ನಡೆದರೆ, ಅಥವಾ ನಡೆದಿದೆ ಅಂತ ದೂರು ಬಂದರೆ, ಅಲ್ಲಿ ರಿಜಿಸ್ಟರ್ ಆದ ಸಂಸ್ಥೆ ಗೊತ್ತಾದ 24 ಗಂಟೆಯೊಳಗೆ ಕಮಿಷನ್‌ಗೆ ತಿಳಿಸಬೇಕು.

ನಮ್ಮ ಘಟನೆಯಲ್ಲಿ ಗಾಯ ಇರಲಿಲ್ಲ. ಆದರೆ ಪ್ಲಾನ್ ಇದ್ದೂ ಅದನ್ನು ಕೈಗೆ ಕೊಡದೆ ಒಬ್ಬರನ್ನು ಮನೆಗೆ ಕಳಿಸುವುದು ನಿರ್ಲಕ್ಷ್ಯ ಅಲ್ದೆ ಮತ್ತೇನು? ರಾತ್ರಿ ಹತ್ತಕ್ಕೆ ಕಮಿಷನ್‌ನ ಪೋರ್ಟಲಿನಲ್ಲಿ ವರದಿ ಹಾಕಿದೆ. 'ಏಕೆ ಆಯಿತು' ಅನ್ನುವ ಕಡೆ ಹುಡುಗನ ಹೆಸರು ಬರೆಯಲಿಲ್ಲ, ನನ್ನ ಹೆಸರು ಬರೆದೆ.

ಅದಕ್ಕೂ ಎಂಟು ತಿಂಗಳ ಮುಂಚೆ ನಾನು ರಿಜಿಸ್ಟ್ರೇಷನ್ ಮಾಡಿಸಿದ್ದೆ. ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು, ನಮ್ಮ ಬಗ್ಗೆ ನಾವೇ ಮೌಲ್ಯಮಾಪನ ಬರೆಯಬೇಕು, ಆಮೇಲೆ ಮಾನ್ಯತೆ ಪಡೆದ ಆಡಿಟರನ್ನು ನಮ್ಮ ದುಡ್ಡಿನಲ್ಲೇ ಗೊತ್ತು ಮಾಡಿಕೊಳ್ಳಬೇಕು. ಮನೆ ಕ್ಲೀನಿಂಗ್‌ನಂಥ ಕಡಿಮೆ ಅಪಾಯದ ಸೇವೆಗೆ ಕಾಗದ ಪತ್ರ ನೋಡಿದರೆ ಸಾಕು. ಸ್ನಾನ, ಊಟ, ಹಾಸಿಗೆಯಿಂದ ಎತ್ತುವುದು ಇಂಥ ಸೇವೆಗೆ ದೊಡ್ಡ ಆಡಿಟ್, ಎರಡು ಹಂತದಲ್ಲಿ. ನಾನು ಮಾಡಿದ್ದೇನು ಅಂದರೆ, ಸಿದ್ಧವಾಗಿ ಸಿಗುವ ಪಾಲಿಸಿಗಳ, ಅಂದರೆ ಕೆಲಸದ ನಿಯಮಗಳ, ಒಂದು ಸೆಟ್ ಕೊಂಡು, ಅದರಲ್ಲಿ ನಮ್ಮ ಸಂಸ್ಥೆಯ ಹೆಸರು ಸೇರಿಸಿದೆ. ಎಷ್ಟೋ ಪುಟಗಳನ್ನು ನಾನು ಓದಿಯೇ ಇರಲಿಲ್ಲ. ನುಂಗುವ ತೊಂದರೆ ಇರುವವರ ಊಟದ ಬಗ್ಗೆ 2021ರಲ್ಲಿ ಹೊಸ ಮಾನದಂಡವೇ ಬಂದಿತ್ತು. ಅದಕ್ಕೂ ನಮ್ಮಲ್ಲೊಂದು ಚೆಂದದ ಪಾಲಿಸಿ ಇತ್ತು. ಟೋಸ್ಟ್ ಮಾಡುವ ಹೊತ್ತಿಗೆ ಅದು ಯಾರಿಗೂ ನೆನಪಾಗಲಿಲ್ಲ.

ಘಟನೆಯಾದ ವಾರ ಆ ಸೆಟ್ ಪಕ್ಕಕ್ಕಿಟ್ಟೆ. ವರ್ಕರುಗಳನ್ನೆಲ್ಲ ಮನೆಗೆ ಕರೆದು, ಊಟಕ್ಕೆ ಹಾಕಿ, ಒಂದೇ ಪ್ರಶ್ನೆ ಕೇಳಿದೆ. ಗೊತ್ತಿಲ್ಲದ ಮನೆಯ ಬಾಗಿಲು ತಟ್ಟುವ ಮುಂಚೆ ನಿಮಗೆ ಏನೇನು ಗೊತ್ತಿರಬೇಕು? ಅವರು ಹೇಳಿದ್ದನ್ನೇ ಒಂದು ಹಾಳೆಯಲ್ಲಿ ಬರೆದೆ. ಏನು ತಿನ್ನುತ್ತಾರೆ, ಹೇಗೆ ಕೂರಿಸಬೇಕು, ಹೇಗೆ ಎತ್ತಬೇಕು, ಮಾತಿಲ್ಲದವರು 'ಬೇಡ' ಅಂತ ಹೇಗೆ ತೋರಿಸುತ್ತಾರೆ, ಯಾರಿಗೆ ಫೋನ್ ಮಾಡಬೇಕು. ಒಂದು ಪ್ರತಿ ಆ ಮನೆಯಲ್ಲೇ ಇರುತ್ತದೆ. ಇನ್ನೊಂದು ವರ್ಕರ್ ಮೊಬೈಲಿನಲ್ಲಿ. ಓದಿದ್ದೇನೆ ಅಂತ ತಿಳಿಸದೆ ಯಾರೂ ಶಿಫ್ಟ್ ಶುರು ಮಾಡುವಂತಿಲ್ಲ. ಊಟದ ಪ್ಲಾನ್ ಇರುವ ಮನೆಗೆ ಮೊದಲ ಸಲ ಯಾರೂ ಒಬ್ಬರೇ ಹೋಗುವಂತಿಲ್ಲ. ಬದಲಿ ಸಿಗದಿದ್ದರೆ ನಾನೇ ಹೋಗುತ್ತೇನೆ. ಪಾಲಿಸಿಗಳನ್ನು ಆಮೇಲೆ ಈ ಹಾಳೆಗೆ ತಕ್ಕಂತೆ ತಿದ್ದಿದೆ.

ಇದರಲ್ಲಿ ಇನ್ನೊಂದು ವಿಷಯ ಹೊರಗೆ ಬಂತು. ಅವತ್ತು ಟೋಸ್ಟ್ ಬೇಕು ಅಂತ ಆ ಯುವಕನೇ ಕೈ ತೋರಿಸಿ ಕೇಳಿದ್ದರು! ಅಮ್ಮ ತಿನ್ನುವುದನ್ನು ದಿನಾ ನೋಡುತ್ತಿದ್ದರಂತೆ. ನಿಮಗೆ ಏನು ತಿನ್ನಲು ಇಷ್ಟ ಅಂತ ನಾವ್ಯಾರೂ ಅವರನ್ನು ಕೇಳಿರಲಿಲ್ಲ. ಸ್ಪೀಚ್ ಪೆಥಾಲಜಿಸ್ಟ್ ಮತ್ತೆ ಬಂದರು, ತಮ್ಮ ಎದುರೇ ತಿನ್ನಿಸಿ ನೋಡಿದರು. ಹಾಲಿನಲ್ಲಿ ಪೂರ್ತಿ ನೆನೆಸಿ ಮೆತ್ತಗಾದ ಬ್ರೆಡ್ಡನ್ನು ಚಿಕ್ಕ ಚಮಚದಲ್ಲಿ ಕೊಡಬಹುದು ಅಂತ ಪ್ಲಾನಿನಲ್ಲಿ ಸೇರಿಸಿದರು. ಅವತ್ತು ಆ ಮುಖದಲ್ಲಿ ಕಂಡ ಖುಷಿಯನ್ನು ನಾನು ಮರೆತಿಲ್ಲ.

ನಮ್ಮ ರಿಜಿಸ್ಟ್ರೇಷನ್ ಮೂರು ವರ್ಷದ್ದು, ನಡುವೆ 18 ತಿಂಗಳಿಗೆ ಒಂದು ಆಡಿಟ್. ಆಡಿಟರ್ ಬಂದಾಗ ನಾನು ಫೋಲ್ಡರುಗಳನ್ನು ಮುಂದಿಟ್ಟೆ. ಅವರು ಸ್ವಲ್ಪ ತಿರುವಿ ಹಾಕಿ, ವರ್ಕರ್ ಒಬ್ಬರ ಹತ್ತಿರ ಮಾತಾಡಬೇಕು ಅಂದರು. ಸಿಕ್ಕಿದ್ದು ಅದೇ ಹಾಸನದ ಹುಡುಗ. "ಏನಾದರೂ ತಪ್ಪಾದರೆ ಏನು ಮಾಡ್ತೀರಿ?" ಅಂತ ಕೇಳಿದರಂತೆ. ಅವನು ಟೋಸ್ಟ್ ಕಥೆಯನ್ನೇ ಹೇಳಿಬಿಟ್ಟ, ಮೊದಲಿಂದ ಕೊನೆವರೆಗೆ. ಆಮೇಲೆ ಪಾರ್ಟಿಸಿಪೆಂಟ್‌ಗಳನ್ನೂ ಮಾತಾಡಿಸಿದರು. ಘಟನೆ, ವರದಿ, ತಿದ್ದುಪಡಿ ಮೂರೂ ಒಂದಕ್ಕೊಂದು ಹೊಂದುತ್ತಿದೆ ಅಂತ ಬರೆದುಕೊಂಡು ಹೋದರು. ನಾನು ಆ ರಾತ್ರಿ ಸುಮ್ನೆ ಇದ್ದುಬಿಟ್ಟಿದ್ದರೆ?

ನಮ್ಮ ಕನ್ನಡದ ಮನೆಗಳಿಂದ ಬರುವ ಒಂದು ಕೋರಿಕೆಯನ್ನೂ ಹೇಳಬೇಕು. "ಮಗ ರಾತ್ರಿ ಎದ್ದು ಸಿಕ್ಕಿದ್ದೆಲ್ಲ ತಿಂತಾನೆ, ಫ್ರಿಜ್ಜಿಗೆ ಒಂದು ಬೀಗ ಹಾಕಿಬಿಡಮ್ಮ." ಆ ತಾಯಿಯ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ವರ್ಕರ್ ಆ ಬೀಗ ಹಾಕಿದರೆ ಕಾನೂನಿನಲ್ಲಿ ಅದು ನಿರ್ಬಂಧ. ಗಾಲಿಕುರ್ಚಿಯ ಬೆಲ್ಟನ್ನು ಓಡಾಡದಂತೆ ಬಿಗಿಯುವುದೂ ಅಷ್ಟೇ, ನಡತೆ ಹತೋಟಿಗೆ ಅಂತ ನಿದ್ದೆ ಮಾತ್ರೆ ಕೊಡುವುದೂ ಅಷ್ಟೇ. ಅಂಥದ್ದಕ್ಕೆ ಪರಿಣತರು ಬರೆದ ಪ್ಲಾನ್ ಬೇಕು, ರಾಜ್ಯದ ಒಪ್ಪಿಗೆ ಬೇಕು, ನಮಗೂ ಅದಕ್ಕೆ ತಕ್ಕ ರಿಜಿಸ್ಟ್ರೇಷನ್ ಇರಬೇಕು. ನಮಗೆ ಇಲ್ಲ. ಹಾಗಾಗಿ ಆ ಅಮ್ಮನ ಪಕ್ಕ ಕೂತು, ಇದೆಲ್ಲ ಇರುವ ಬೇರೆ ಸಂಸ್ಥೆ ಹುಡುಕಿಕೊಟ್ಟೆ. ಒಬ್ಬ ಗ್ರಾಹಕರು ಹೋದರು, ಹೋಗಬೇಕಾದದ್ದೇ.

ದುಡ್ಡಿನ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ. ಗಂಟೆಗೆ ಎಷ್ಟು ಕೇಳಬಹುದು ಅನ್ನುವುದಕ್ಕೆ ಎನ್‌ಡಿಐಎಸ್‌ನ ಮಿತಿ ಇದೆ. ಆ ದರ ನೋಡಿ ಲಾಭ ಲೆಕ್ಕ ಹಾಕಬೇಡಿ. ಬೆಳಿಗ್ಗೆ ಸ್ನಾನಕ್ಕೆ ಒಂದು ಗಂಟೆಯ ಶಿಫ್ಟ್ ಒಪ್ಪಿಕೊಂಡರೆ ಕ್ಯಾಶುವಲ್ ವರ್ಕರಿಗೆ ಕಡಿಮೆಯೆಂದರೂ 2 ಗಂಟೆಯ ಸಂಬಳ ಕೊಡಬೇಕು. ಅದರ ಮೇಲೆ ಪಿಂಚಣಿ ನಿಧಿ, ವಿಮೆ, ತರಬೇತಿಯ ಗಂಟೆಗಳು, ಆಡಿಟ್ ಖರ್ಚು. ಸಂಬಳ ಉಳಿಸಲು ವರ್ಕರುಗಳನ್ನೇ ಸ್ವಂತ ವ್ಯಾಪಾರದವರು ಅಂತ ತೋರಿಸುವ ದಾರಿಯನ್ನು ನನಗೂ ಕೆಲವರು ಹೇಳಿಕೊಟ್ಟರು. ಪರದೇಶಕ್ಕೆ ಓದಲು ಬಂದ ಮಕ್ಕಳ ಹೊಟ್ಟೆ ಮೇಲೆ ಹೊಡೆದು ಈ ಕೆಲಸ ಮಾಡಲು ನನಗೆ ಮನಸ್ಸಿಲ್ಲ. ವಿದ್ಯಾರ್ಥಿ ವೀಸಾದವರು ಕಾಲೇಜು ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ, ಅದನ್ನೂ ರೋಸ್ಟರಿನಲ್ಲಿ ನೋಡಿಕೊಳ್ಳುತ್ತೇನೆ.

ಹೋದ ವಾರ ಊರಿನ ಕಡೆಯವರೊಬ್ಬರು ಫೋನ್ ಮಾಡಿ, ತಾವೂ ಶುರು ಮಾಡಬೇಕು, ಪಾಲಿಸಿ ಸೆಟ್ ಎಲ್ಲಿ ಸಿಗುತ್ತೆ ಅಂತ ಕೇಳಿದರು. ಮೊದಲು ಆರು ತಿಂಗಳು ಯಾರ ಹತ್ತಿರವಾದರೂ ಬೆಳಗಿನ ಶಿಫ್ಟ್ ಮಾಡಿ ಬನ್ನಿ ಅಂದೆ. ನಮ್ಮಲ್ಲೇ ಆದರೂ ಆಗಬಹುದು ಅಂತಲೂ ಹೇಳಿದ್ದೇನೆ. ಅವರ ವರ್ಕರ್ ಸ್ಕ್ರೀನಿಂಗ್ ಕ್ಲಿಯರೆನ್ಸ್ (ಹಿನ್ನೆಲೆ ಪರಿಶೀಲಿಸಿ ಕೊಡುವ ಒಪ್ಪಿಗೆ) ಬಂದ ಮೇಲೆ ಒಂದು ಮಂಗಳವಾರ ನನ್ನ ಜೊತೆ ಬರುತ್ತಾರೆ, ಆ ಮನೆಗೇ.