ಮಾರಿಸ್ ಮೈನರ್ ರಿಪೇರಿ, ಮೂರನೇ ವಾರ: ಸ್ಪಾರ್ಕ್ ಸಿಕ್ಕಿತು

ಗಾಡಿ ಕೊನೆಗೂ ಸ್ಟಾರ್ಟ್ ಆಯಿತು! ಕೈಯ ಗ್ರೀಸ್ ಇನ್ನೂ ಪೂರ್ತಿ ಹೋಗಿಲ್ಲ. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ.

ಇದು 1959ರ ಮಾರಿಸ್ ಮೈನರ್ 1000 ಅನ್ನೋ ಹಳೇ ಬ್ರಿಟಿಷ್ ಕಾರು, 948 ಸಿಸಿ ಇಂಜಿನ್. ನಾಲ್ಕು ವರ್ಷ ಶೆಡ್ಡಿನಲ್ಲೇ ನಿಂತಿತ್ತು. ಕೀ ತಿರುಗಿಸಿ ಸ್ಟಾರ್ಟರ್ ನಾಬ್ ಎಳೆದರೆ ಇಂಜಿನ್ ಚೆನ್ನಾಗಿ ಸುತ್ತುತ್ತಿತ್ತು. ಆದರೆ ಒಂದು ಸಲವೂ ಬುರ್ ಅನ್ನಲಿಲ್ಲ.

ಬ್ಯಾಟರಿ 12.6 ವೋಲ್ಟ್ ಇತ್ತು, ಇಂಜಿನ್ ಸುತ್ತುವಾಗಲೂ 10ಕ್ಕಿಂತ ಕೆಳಗೆ ಇಳಿಯಲಿಲ್ಲ. ಹಳೇ ಪೆಟ್ರೋಲ್ ಪೂರ್ತಿ ತೆಗೆದು ಹೊಸದು ಹಾಕಿದ್ದೆ. ಕೀ ಆನ್ ಮಾಡಿದರೆ ಪೆಟ್ರೋಲ್ ಪಂಪ್ ಟಿಕ್ ಟಿಕ್ ಅನ್ನುತ್ತದೆ, ಕಾರ್ಬುರೇಟರ್ ಬೌಲ್ ತುಂಬಿದ ಮೇಲೆ ಸುಮ್ಮನಾಗುತ್ತದೆ. ಆ ಸದ್ದು ಕೇಳೋದೇ ಒಂದು ಖುಷಿ.

ಅಂದರೆ ತೊಂದರೆ ಸ್ಪಾರ್ಕಿನದು. ಪ್ಲಗ್ ಬಿಚ್ಚಿ ಇಂಜಿನ್‌ಗೆ ತಾಗಿಸಿ ಹಿಡಿದು ನೋಡಿದೆ, ಕಿಡಿಯೇ ಇಲ್ಲ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದರೆ ಪಾಯಿಂಟ್‌ಗಳ (ತೆರೆದು ಮುಚ್ಚಿ ಕರೆಂಟ್ ಕಡಿಯುವ ಪುಟ್ಟ ಸ್ವಿಚ್) ಮೇಲೆ ಬೂದು ಬಣ್ಣದ ಪದರ. ನಿಂತ ಗಾಡಿಗಳಲ್ಲಿ ಇದು ಮಾಮೂಲಿ. ನಯವಾದ ಎಮರಿ ಕಾಗದದಲ್ಲಿ ಉಜ್ಜಿ, ಗ್ಯಾಪ್ 0.015 ಇಂಚಿಗೆ ಇಟ್ಟೆ. ಆಗಲಿಲ್ಲ. ಪಾಯಿಂಟ್ ನಡುವೆ ಕಿಡಿ ಹಾರದಂತೆ ತಡೆಯುವ ಕಂಡೆನ್ಸರ್ ಬದಲಿಸಿದೆ. ಆಗಲೂ ಇಲ್ಲ. ಒಂದು ವಾರ ಹೀಗೇ ಹೋಯಿತು.

ಆಮೇಲೆ ಟೆಸ್ಟ್ ಲ್ಯಾಂಪ್ ತೆಗೆದುಕೊಂಡೆ. ಇದನ್ನೇ ಮೊದಲು ಮಾಡಬೇಕಿತ್ತು. ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಕಾಯಿಲ್‌ನ ಸಿಬಿ ಟರ್ಮಿನಲ್‌ಗೂ (ಪಾಯಿಂಟ್ ಕಡೆಯ ವೈರ್ ಕೂರುವ ಜಾಗ) ಬಾಡಿಗೂ ನಡುವೆ ಲ್ಯಾಂಪ್ ಹಾಕಿ ಇಂಜಿನ್ ಸುತ್ತಿಸಬೇಕು. ಪಾಯಿಂಟ್ ಮುಚ್ಚಿದಾಗ ಲ್ಯಾಂಪ್ ಆರುತ್ತದೆ, ತೆರೆದಾಗ ಉರಿಯುತ್ತದೆ. ಹಾಗಾಗಿ ಮಿಣುಕಬೇಕು. ನನ್ನದು ಮಿಣುಕಲೇ ಇಲ್ಲ, ಒಂದೇ ಸಮ ಉರಿಯುತ್ತಿತ್ತು. ಕಾಯಿಲ್‌ಗೆ ಕರೆಂಟ್ ಬರುತ್ತಿದೆ, ಆದರೆ ಅಲ್ಲಿಂದ ಅರ್ತ್‌ಗೆ, ಅಂದರೆ ಬಾಡಿಗೆ, ಹೋಗುತ್ತಿಲ್ಲ ಅಂತಾಯಿತು. (ಈ ಗಾಡಿಯಲ್ಲಿ ಬ್ಯಾಟರಿಯ ಪ್ಲಸ್ ಬಾಡಿಗೆ ಹೋಗುತ್ತದೆ. ಲ್ಯಾಂಪ್‌ಗೆ ಅದರಿಂದ ವ್ಯತ್ಯಾಸವಿಲ್ಲ, ಮೀಟರ್ ಮಾತ್ರ ಮೈನಸ್ ತೋರಿಸುತ್ತದೆ.)

ಬ್ಯಾಟರಿ ವೈರ್ ಕಳಚಿ, ಪಾಯಿಂಟ್ ಮುಚ್ಚಿಟ್ಟು, ಅಲ್ಲಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಓಮ್ ಅಳೆದೆ. ಸೊನ್ನೆಯ ಹತ್ತಿರ ಇರಬೇಕಲ್ವಾ? ಮೀಟರ್ ಏನೂ ತೋರಿಸಲಿಲ್ಲ, ಅಂದರೆ ದಾರಿ ಎಲ್ಲೋ ಕಡಿದಿದೆ. ಪಾಯಿಂಟ್ ಕೂತಿರುವ ಬೇಸ್ ಪ್ಲೇಟನ್ನು ಬೆರಳಲ್ಲಿ ಒಂಚೂರು ಒತ್ತಿದೆ, ಸೊನ್ನೆ ಬಂತು. ಬಿಟ್ಟೆ, ಹೋಯಿತು. ಮೈ ಜುಮ್ಮೆಂದಿತು.

ಪ್ಲೇಟಿನಿಂದ ಬಾಡಿಗೆ ಒಂದು ಚಿಕ್ಕ ಅರ್ತ್ ವೈರ್ ಇದೆ, ಬೆರಳಿನಷ್ಟೂ ಉದ್ದವಿಲ್ಲ, ಮೇಲೆ ಬಟ್ಟೆಯ ಹೊದಿಕೆ. ನೋಡೋಕೆ ಗಟ್ಟಿಮುಟ್ಟಾಗಿತ್ತು. ಎರಡು ತುದಿ ಹಿಡಿದು ಮೆಲ್ಲಗೆ ಎಳೆದರೆ ಬಟ್ಟೆ ಮಾತ್ರ ಉದ್ದವಾಯಿತು. ಒಳಗಿನ ತಾಮ್ರದ ಎಳೆಗಳೆಲ್ಲ ತುಂಡಾಗಿದ್ದವು.

ಇಲ್ಲಿಗೆ ಯಾವುದೋ ಒಂದು ವೈರ್ ಹಾಕಬೇಡಿ. ಇಂಜಿನ್ ಲೋಡಿಗೆ ತಕ್ಕಂತೆ ಕಿಡಿಯ ಸಮಯ ಹಿಂದೆಮುಂದೆ ಮಾಡುವ ವ್ಯಾಕ್ಯೂಮ್ ಅಡ್ವಾನ್ಸ್ ಎಳೆದಾಗಲೆಲ್ಲ ಈ ಪ್ಲೇಟ್ ಅಲುಗಾಡುತ್ತದೆ, ಬಿರುಸಾದ ವೈರ್ ಬೇಗ ಮುರಿಯುತ್ತದೆ. ಕೂದಲೆಳೆಯಂಥ ಎಳೆಗಳಿರುವ ಮೆತ್ತನೆ ವೈರ್ ಹುಡುಕಿ, ಸ್ವಲ್ಪ ಸಡಿಲ ಬಿಟ್ಟು ಬೆಸುಗೆ ಹಾಕಿದೆ.

ಲ್ಯಾಂಪ್ ಮಿಣುಕಿತು. ಪ್ಲಗ್‌ನಲ್ಲಿ ನೀಲಿ ಕಿಡಿ ಚಟ್ ಅಂತ ಹಾರಿತು. ಚೋಕ್ ಎಳೆದು ನಾಬ್ ಎಳೆದೆ, ಎರಡನೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು. ಹತ್ತು ನಿಮಿಷ ಓಡಿಸಿದೆ. ಆಯಿಲ್ ಪ್ರೆಷರ್ ಲೈಟ್ ತಕ್ಷಣ ಆರಿತು, ನನಗೆ ಅದೇ ಜಾಸ್ತಿ ಸಮಾಧಾನ.

ಪಾಯಿಂಟ್ ಗ್ಯಾಪ್ ಬದಲಾಗಿರುವುದರಿಂದ ಟೈಮಿಂಗ್ (ಕಿಡಿ ಹಾರುವ ಸಮಯ) ಕೂಡ ಸ್ವಲ್ಪ ಸರಿದಿರುತ್ತದೆ. ಮುಂದಿನ ವಾರ ಅದನ್ನು ಕೂರಿಸಿ, ಆಮೇಲೆ ಬ್ರೇಕ್ ಬಿಚ್ಚುತ್ತೇನೆ.