ಆಣೆ ಮಾಡಿಸುವ ಮೊದಲು ಬೆಳಗಿನ ಕೈ ನೋಡಿ

ಬೀದರ್ ಜಿಲ್ಲೆಯ ಹುಮನಾಬಾದ್ ಕಡೆ ಮೆಥೋಡಿಸ್ಟ್ ಸಭೆಯೊಂದರಲ್ಲಿ ನಾನು ಪಾಸ್ಟರ್. ಹೊಸದಾಗಿ ಸೇವೆಗೆ ಬಂದ ಹುಡುಗರು ಕೇಳ್ತಾರೆ: ಕುಡಿಯುವವರ ಹತ್ತಿರ ಹೋಗೋದು ಹೇಗೆ? ಕರಪತ್ರ ಹಂಚೋದಾ, ಮೈಕ್ ಹಚ್ಚೋದಾ? ಎರಡೂ ಬೇಡ. ಬೆಳಿಗ್ಗೆ ಆರೂವರೆಗೆ ಚಹಾದ ಹೋಟೆಲ್‌ಗೆ ಹೋಗಿ ಕೂತ್ಕೊಳ್ಳಿ.

ಸಂಜೆ ಮನೆ ಭೇಟಿ ದಂಡ. ಬಟವಾಡೆ ದಿನ ಅಂತೂ ಆ ಕಡೆ ತಲೆ ಹಾಕಲೇಬೇಡಿ. ಕುಡಿದವನಿಗೆ ಪ್ರಾರ್ಥನೆ ಮಾಡಿದರೆ ಅಳ್ತಾನೆ, ಕಾಲಿಗೆ ಬೀಳ್ತಾನೆ, ಬೆಳಗಾದರೆ ಒಂದೂ ನೆನಪಿರಲ್ಲ. ಲಂಡನ್‌ನಲ್ಲಿ 2003ರಲ್ಲಿ ಸ್ಟ್ರೀಟ್ ಪಾಸ್ಟರ್ಸ್ ಅಂತ ಶುರುವಾಯಿತು. ಚರ್ಚಿನವರು ರಾತ್ರಿ ಬೀದಿಗಿಳಿದು, ಕುಡಿದು ತೂರಾಡುವವರಿಗೆ ನೀರು ಕೊಡ್ತಾರೆ, ಹೈ ಹೀಲ್ಸ್ ಬಿಚ್ಚಿ ಬರಿಗಾಲಲ್ಲಿ ನಿಂತ ಹುಡುಗಿಯರಿಗೆ ಚಪ್ಪಲಿ ಕೊಡ್ತಾರೆ. ಒಳ್ಳೆ ಕೆಲಸ. ಆದರೆ ನಮ್ಮ ಹಳ್ಳಿಗಳಲ್ಲಿ ಮನುಷ್ಯ ಮಾತಿಗೆ ಸಿಗೋದು ಮುಂಜಾನೆ.

ಸಾಸರ್‌ಗೆ ಚಹಾ ಸುರಿಯುವಾಗ ಯಾರ ಕೈ ನಡುಗುತ್ತೆ, ಯಾರು ಕಪ್ಪನ್ನು ಎರಡೂ ಕೈಯಲ್ಲಿ ಹಿಡೀತಾರೆ, ಯಾರು ಅರ್ಧ ಚಹಾ ಬಿಟ್ಟು ಉದ್ರಿ ಸಾರಾಯಿ ಟೆಟ್ರಾ ಪ್ಯಾಕ್ ಸಿಗೋ ಕಡೆ ಎದ್ದು ಹೋಗ್ತಾರೆ, ಎಲ್ಲ ಕಾಣುತ್ತೆ. ಆ ಟೇಬಲ್‌ನಲ್ಲಿ ಲಿಂಗಾಯತರು, ಮುಸ್ಲಿಮರು ಎಲ್ಲರೂ ಇರ್ತಾರೆ. ಅಲ್ಲಿ ದೀಕ್ಷಾಸ್ನಾನದ ಮಾತು ಎತ್ತಬೇಡಿ. ಚಹಾ ಕುಡಿಸಿ ಮತಕ್ಕೆ ಸೆಳೀತಾರೆ ಅನ್ನಿಸಿದರೆ ಮುಗೀತು, ಅನ್ನಿಸಲೂಬಾರದು.

ವಾದಕ್ಕೂ ಇಳಿಯಬೇಡಿ. "ಯೇಸುಸ್ವಾಮಿ ಕಾನಾ ಊರಿನ ಮದುವ್ಯಾಗ ನೀರ್ ದ್ರಾಕ್ಷಾರಸ ಮಾಡಿಲ್ಲೇನ್ರಿ ಪಾಸ್ಟರ್?" ಅಂತ ಒಬ್ಬನಾದರೂ ಕೇಳೇ ಕೇಳ್ತಾನೆ. ಹತ್ತು ಆಜ್ಞೆ ಬಾರದವನಿಗೂ ಯೋಹಾನ 2ನೇ ಅಧ್ಯಾಯ ಬಾಯಿಪಾಠ. ಹೌದು, ಮಾಡಿದ್ರು ಅಂತೀನಿ. ಬೈಬಲ್ ತಪ್ಪು ಅನ್ನೋದು ಮತ್ತನಾಗೋದನ್ನ, ಒಂದು ಹನಿಯನ್ನಲ್ಲ ಅಂತಲೇ ನನ್ನ ಓದು. ಕ್ಯಾಥೊಲಿಕರ ಪೂಜೆಯಲ್ಲಿ ದ್ರಾಕ್ಷಿಯ ವೈನೇ ಆಗಬೇಕು ಅಂತ ನಿಯಮವಿದೆ. ನಮ್ಮ ದಾರಿ ಬೇರೆ. ಮೆಥೋಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿ 1743ರ ನಿಯಮಗಳಲ್ಲೇ, ತೀರಾ ಅಗತ್ಯ ಬಿದ್ದರೆ ಹೊರತು, ಬಟ್ಟಿ ಇಳಿಸಿದ ಮದ್ಯ ಕುಡಿಯೋದು, ಮಾರೋದು, ಕೊಳ್ಳೋದು ಬೇಡ ಅಂದಿದ್ದರು. 1869ರಲ್ಲಿ ಅಮೆರಿಕದ ಥಾಮಸ್ ವೆಲ್ಚ್ ಅನ್ನೋ ಮೆಥೋಡಿಸ್ಟ್ ದಂತವೈದ್ಯ ದ್ರಾಕ್ಷಿ ರಸ ಕಾಯಿಸಿ, ಹುಳಿ ಬಾರದಂತೆ ಬಾಟಲಿಗೆ ಹಾಕಿದ. ಪ್ರಭು ಭೋಜನಕ್ಕೆ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತಗೊಳ್ಳೋ ಆರಾಧನೆಗೆ ಅಂತಲೇ. ಮತ್ತಿಲ್ಲದ ಆ ರಸದ ಬಟ್ಟಲು ಯಾಕೆ ಬೇಕು ಅನ್ನೋದು ನನಗೆ ತಿಳಿದದ್ದು, ಕುಡಿತ ಬಿಟ್ಟವನೊಬ್ಬ ಹೆದರಿಕೆ ಇಲ್ಲದೆ ಅದಕ್ಕೆ ಕೈ ಚಾಚಿದಾಗ.

ಈಗ ಮುಖ್ಯ ವಿಷಯ. ನಮ್ಮ ಹಳ್ಳಿಗಳಲ್ಲಿ ಬೈಬಲ್ ಮುಟ್ಟಿಸಿ ಆಣೆ ಮಾಡಿಸೋದು ರೂಢಿ: "ಇವತ್ತಿಂದ ಮುಟ್ಟಂಗಿಲ್ಲ." ಬಾಯಿ ರುಚಿಗೆ ಕುಡಿಯೋನಿಗೆ ಪರವಾಗಿಲ್ಲ. ಎದ್ದ ಕೂಡಲೇ ಬೇಕೇ ಬೇಕು ಅನ್ನೋನಿಗೆ ಅದು ಅಪಾಯ. ವರ್ಷಗಟ್ಟಲೆ ದಿನಾ ಕುಡಿದ ದೇಹ ತಟ್ಟನೆ ನಿಲ್ಲಿಸಿದರೆ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರನೇ ದಿನಕ್ಕೆ ಭ್ರಮೆ, ಜ್ವರ, ಬಡಬಡಿಕೆ. ಸಾಯೋರೂ ಇದ್ದಾರೆ.

ನಮ್ಮ ಸಭೆಯ ಕಾಕಾ ಒಬ್ಬರು ಹೋಟೆಲ್‌ನಲ್ಲಿ ಮೆಲ್ಲಗೆ ಹೇಳಿದ್ದರು, "ಮುಂಜಾನಿ ಒಂದ್ ಹಾಕಿದ್ ಮ್ಯಾಲೇ ಕೈ ನಿಲ್ತಾವ್ರಿ." ಮನೆಯವರಿಗೆ ಭಾನುವಾರವೇ ಆಣೆ ಆಗಬೇಕಿತ್ತು. ಮೊದಲು ದವಾಖಾನೆ, ಆಮೇಲೆ ಆಣೆ ಅಂದೆ. ಬೀದರ್‌ಗೆ ಕರೆದುಕೊಂಡು ಹೋಗಿ ಅಡ್ಮಿಟ್ ಮಾಡಿದೆವು. ವಿಟಮಿನ್ ಬಿ1 ಇಂಜೆಕ್ಷನ್, ದಿನದಿನಕ್ಕೆ ಕಡಿಮೆ ಮಾಡುವ ಗುಳಿಗೆ. ಅಷ್ಟಾದರೂ ಒಂದು ರಾತ್ರಿ ಕಾಕಾ ಚಾದರದ ಮೇಲಿಂದ ಇಲ್ಲದ ಇರುವೆ ಆರಿಸುತ್ತಾ ಕೂತಿದ್ದರು. ನರ್ಸ್ ಬಂದು ಔಷಧಿ ಹೆಚ್ಚಿಸಿದರು. ಮನೆಯಲ್ಲೇ ಇದ್ದಿದ್ದರೆ ಇದನ್ನೇ ದೆವ್ವ ಅಂತ ಬಿಡಿಸೋಕೆ ನಿಲ್ಲುತ್ತಿದ್ದೆವು.

ಆಮೇಲೂ ಜಾತ್ರೆಯಲ್ಲಿ ಒಮ್ಮೆ ಕುಡಿದರು. ಮತ್ತೆ ದವಾಖಾನೆಗೆ ಹೋದರು. ಈಗ ಚೆನ್ನಾಗಿದ್ದಾರೆ. 14446 ಅನ್ನೋದು ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ, ಉಚಿತ. ನಂಬರ್ ನನ್ನ ಬೈಬಲ್‌ನ ಮೊದಲ ಹಾಳೆಯಲ್ಲಿದೆ.

ಪಾಸ್ಟರ್ ಕುಡುಕರ ಜೊತೆ ಕೂಡ್ತಾರೆ ಅಂತ ಸಭೆಯ ಕಮಿಟಿಗೆ ದೂರು ಹೋಗಿತ್ತು. ಯೇಸುವಿಗೂ ಇದೇ ಮಾತು ಬಂದಿತ್ತು ಅಂತ ಲೂಕ 7:34 ಓದಿದೆ. ಹಿರಿಯರೊಬ್ಬರು ಸ್ವಲ್ಪ ಯೋಚಿಸಿ, "ಕೂಡ್ರಿ, ಆದ್ರ ಚಹಾದ ಬಿಲ್ ಸಭೆ ಖಾತೆಗೆ ಹಾಕಬ್ಯಾಡ್ರಿ" ಅಂದರು. ಹಾಕಿಲ್ಲ.